ಬ್ರಿಟಲ್‌ಬುಷ್: ಅರಿಜೋನಾದ ಬೂದಿ ಗಿಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಮುಗಿಯುತ್ತಾ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಕಲ್ಲುಗುಡ್ಡ, ಅದರ ತುಂಬ ಹಳದಿ ಹೂ, ಕೆಳಗೆ "ಇದು ಯಾವ ಗಿಡ?" ಅಂತ ಒಂದು ಸಾಲು. ನಾನು ಫೀನಿಕ್ಸ್ ಪಕ್ಕದ ಚಾಂಡ್ಲರ್‌ಗೆ ಬಂದು 14 ವರ್ಷ ಆಯಿತು, ಗಿಡದ ಹುಚ್ಚು ಮಾತ್ರ ಊರಿಂದಲೇ ಅಂಟಿಕೊಂಡು ಬಂದದ್ದು. ಇಲ್ಲಿಗೆ ಹೊಸದಾಗಿ ಬರುವ ನಮ್ಮ ಕನ್ನಡದವರಿಗೆಲ್ಲ ಅದೇ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿದೆ. ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಗಿಡ?

ಬ್ರಿಟಲ್‌ಬುಷ್. ವಿಜ್ಞಾನದ ಹೆಸರು ಎನ್ಸೀಲಿಯ ಫರಿನೋಸಾ. ನಮ್ಮ ಸೇವಂತಿಗೆ, ಚೆಂಡು ಹೂ, ಸೂರ್ಯಕಾಂತಿ, ಹುಚ್ಚೆಳ್ಳು ಇವೆಲ್ಲ ಇರುವ ಕುಟುಂಬದ್ದೇ. ಸೊಂಟದ ಎತ್ತರಕ್ಕೆ ಗುಂಡಗೆ ಹರಡಿಕೊಳ್ಳುವ ಪೊದೆ, ಜಾಗ ಚೆನ್ನಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಅರಿಜೋನಾ, ದಕ್ಷಿಣ ಕ್ಯಾಲಿಫೋರ್ನಿಯಾ, ನೆವಾಡಾ ಮತ್ತು ಯೂಟಾ ರಾಜ್ಯಗಳ ದಕ್ಷಿಣದ ತುದಿ, ಆಚೆಗೆ ಮೆಕ್ಸಿಕೋದ ಸೊನೊರಾ ಮತ್ತು ಬಾಹಾ ಕ್ಯಾಲಿಫೋರ್ನಿಯಾ, ಇದು ಅದರ ತವರು. ಸೊನೊರನ್ ಮತ್ತು ಮೊಹಾವಿ ಮರುಭೂಮಿಗಳ ಗಿಡ ಅಂದರೆ ಸರಿ.

ಗುರುತು ಹಿಡಿಯೋದು ಸುಲಭ. ಕೆಳಗೆ ಬೂದಿ ಬಣ್ಣದ ಎಲೆಗಳ ದಿಂಡು. ಅದರ ಮೇಲೆ ಒಂದು ಗೇಣು ಬಿಟ್ಟು, ಎಲೆಯೇ ಇಲ್ಲದ ತೆಳ್ಳನೆ ಕಡ್ಡಿಗಳ ತುದಿಯಲ್ಲಿ ಹಳದಿ ಹೂಗಳು. ದೂರದಿಂದ ನೋಡಿದರೆ ಹೂಗಳು ಗಿಡಕ್ಕೆ ಅಂಟಿಕೊಂಡೇ ಇಲ್ಲ, ಗಾಳಿಯಲ್ಲಿ ಸುಮ್ನೆ ನಿಂತಿವೆ ಅನ್ನಿಸುತ್ತದೆ. ಒಣಗಿದ ಕೊಂಬೆ ಹಿಡಿದು ಬಗ್ಗಿಸಿದರೆ ಲಟಕ್ ಅಂತ ಮುರಿಯುತ್ತದೆ. ಇಂಗ್ಲಿಷಿನ ಹೆಸರು ಬಂದದ್ದು ಅದರಿಂದಲೇ.

ಕನ್ನಡದಲ್ಲಿ ಏನಂತಾರೆ?

ನಮ್ಮ ನೆಲದ ಗಿಡವೇ ಅಲ್ಲ, ಹೆಸರು ಎಲ್ಲಿಂದ ಬರಬೇಕು! ಆದರೆ ನಮ್ಮ ಮನೆಯಲ್ಲಿ ಒಂದು ಹೆಸರಿದೆ. ಅಮ್ಮ ಮೊದಲ ಸಲ ಬಂದಾಗ ಎಲೆ ಮುಟ್ಟಿ, ಬೆರಳು ಬೆರಳಿಗೆ ಉಜ್ಜಿ ನೋಡಿ, "ಇದೇನೋ ವಿಭೂತಿ ಬಳ್ಕೊಂಡು ಕೂತಿದೆ" ಅಂದರು. ಅವತ್ತಿಂದ ಬೂದಿ ಗಿಡ. ಆಮೇಲೆ ಹುಡುಕಿದರೆ, ಫರಿನೋಸಾ ಅನ್ನುವ ಲ್ಯಾಟಿನ್ ಮಾತಿನ ಅರ್ಥ ಹಿಟ್ಟು ಮೆತ್ತಿಕೊಂಡದ್ದು ಅಂತ. ಅಮ್ಮನಿಗೂ ಆ ಸಸ್ಯ ವಿಜ್ಞಾನಿಗೂ ಕಂಡದ್ದು ಒಂದೇ, ಅಲ್ವಾ? ಮೆಕ್ಸಿಕೋ ಕಡೆಯವರು ಇನ್ಸಿಯೆನ್ಸೊ ಅನ್ನುತ್ತಾರೆ, ಅಂದರೆ ಧೂಪ. ಆ ಕಥೆ ಕೆಳಗಿದೆ.

ಎಲೆ ಬೆಳ್ಳಗಾಗಿದೆ. ಬೂದಿ ರೋಗವಾ? ಔಷಧಿ ಹೊಡೀಬೇಕಾ?

ಖಂಡಿತ ಬೇಡ. ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ನನಗೆ ಅತಿ ಇಷ್ಟದ ಪ್ರಶ್ನೆಯೂ ಇದೇ.

ಊರಲ್ಲಿ ದ್ರಾಕ್ಷಿ, ಬೆಂಡೆ, ಹೀರೆ ಬೆಳೆದವರಿಗೆ ಬಿಳಿ ಎಲೆ ಕಂಡರೆ ಕೈ ತಾನಾಗಿಯೇ ಗಂಧಕದ ಪುಡಿ ಹುಡುಕುತ್ತದೆ. ಆದರೆ ಇಲ್ಲಿ ಆ ಬಿಳುಪು ಅಂದರೆ ಕೂದಲು. ಭೂತಗನ್ನಡಿ ಇಟ್ಟು ನೋಡಿ, ಎಲೆಯ ಎರಡೂ ಮಗ್ಗುಲಲ್ಲಿ ಹತ್ತಿ ಹಿಂಜಿ ಹಾಸಿದ ಹಾಗೆ ಸಣ್ಣ ಸಣ್ಣ ಕೂದಲು ಒತ್ತಾಗಿ ಮಲಗಿರುತ್ತವೆ. ಅವು ಜೀವ ಇಲ್ಲದ, ಗಾಳಿ ತುಂಬಿದ ಕೂದಲು. ಬಿಸಿಲು ಬಿದ್ದರೆ ಕನ್ನಡಿಯ ಹಾಗೆ ವಾಪಸ್ ಎಸೆಯುತ್ತವೆ.

ಸ್ವಾರಸ್ಯ ಇರುವುದು ಮುಂದೆ. ಈ ಗಿಡ ಎಲ್ಲ ಕಾಲಕ್ಕೂ ಒಂದೇ ಥರದ ಎಲೆ ಬಿಡುವುದಿಲ್ಲ. ಚಳಿಗಾಲದ ಮಳೆ ಬಿದ್ದು ನೆಲ ತೇವವಾಗಿದ್ದಾಗ ಬರುವ ಎಲೆ ದೊಡ್ಡದು, ಹಸಿರು ಜಾಸ್ತಿ, ಕೂದಲು ಕಡಿಮೆ. ಬಿಸಿಲು ಏರಿದ ಹಾಗೆ, ನೀರು ಇಳಿದ ಹಾಗೆ, ಹೊಸದಾಗಿ ಬರುವ ಎಲೆಗಳು ಚಿಕ್ಕವಾಗುತ್ತಾ, ದಪ್ಪವಾಗುತ್ತಾ, ಬೆಳ್ಳಗಾಗುತ್ತಾ ಹೋಗುತ್ತವೆ. ಎಲರಿಂಗರ್, ಬ್ಯೋರ್ಕ್‌ಮನ್, ಮೂನಿ ಅನ್ನುವ ಮೂವರು ವಿಜ್ಞಾನಿಗಳು 1976ರಲ್ಲಿ ಇದರ ಬಗ್ಗೆ ಬರೆದರು. ಎಲರಿಂಗರ್ ಅಂತೂ ಮುಂದೆ ಎಷ್ಟೋ ವರ್ಷ ಇದೇ ಗಿಡದ ಬೆನ್ನು ಬಿದ್ದರು. ಮಳೆಗಾಲದ ಎಲೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 80 ಪರ್ಸೆಂಟ್ ಹೀರಿಕೊಂಡರೆ, ಕಡು ಬೇಸಿಗೆಯ ಬಿಳಿ ಎಲೆ ಹೀರಿಕೊಳ್ಳುವುದು 30ರ ಆಸುಪಾಸು ಅಷ್ಟೇ. ಮಿಕ್ಕಿದ್ದು ಬೇಡ ಅಂತ ತಳ್ಳಿಬಿಡುತ್ತದೆ.

ಯಾಕೆ ಬೇಡ? ಎಲೆ ತಣ್ಣಗಿರಬೇಕಾದರೆ ಎರಡೇ ದಾರಿ. ಒಂದು, ಬೆವರಬೇಕು, ಅಂದರೆ ನೀರು ಆವಿ ಮಾಡಬೇಕು. ಇಲ್ಲವೇ ಬಿಸಿಲನ್ನೇ ಒಳಗೆ ಬಿಟ್ಟುಕೊಳ್ಳಬಾರದು. ಇದರದೇ ಒಬ್ಬ ದಾಯಾದಿ ಇದ್ದಾನೆ, ಎನ್ಸೀಲಿಯ ಫ್ರೂಟೆಸೆನ್ಸ್, ಅದೇ ಮರುಭೂಮಿಯಲ್ಲಿ ಹಸಿರು ಎಲೆ ಇಟ್ಟುಕೊಂಡೇ ಬದುಕುತ್ತಾನೆ. ಆದರೆ ಅವನ ವಾಸ ಹಳ್ಳದ ಪಾತ್ರದಲ್ಲಿ, ಬೇರಿಗೆ ನೀರು ಸಿಗುವ ಕಡೆ. ಅವನು ಬೆವರಿ ತಣ್ಣಗಾಗುತ್ತಾನೆ. ಗುಡ್ಡದ ಕಲ್ಲಿನ ಮೇಲೆ ಕೂತ ನಮ್ಮ ಬೂದಿ ಗಿಡಕ್ಕೆ ಬೆವರಲು ನೀರೆಲ್ಲಿದೆ? ಅದಕ್ಕೇ ಬಿಳಿ ಪಂಚೆ ಹೊದ್ದುಕೊಂಡಿದೆ. ಹಾಗಂತ ಪುಕ್ಕಟೆ ಏನಲ್ಲ. ಬೆಳಕು ತಳ್ಳಿದಷ್ಟೂ ಅಡುಗೆ ಕಡಿಮೆ, ಬೆಳವಣಿಗೆ ಕಡಿಮೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಮೇ ತಿಂಗಳಲ್ಲಿ ಒಂದು ಬಿಳಿ ಎಲೆ ಕಿತ್ತು, ಹೆಬ್ಬೆರಳಿನಿಂದ ಮೆಲ್ಲಗೆ ಕೆರೆಯಿರಿ. ಬೂದಿ ಬಣ್ಣ ಎದ್ದು ಬಂದು ಅಡಿಯಲ್ಲಿ ಅಪ್ಪಟ ಹಸಿರು ಕಾಣುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಹೀಗೇ ಕೆರೆದು ಎಲೆ ಮೇಲೆ ತನ್ನ ಹೆಸರು ಬರೆಯುತ್ತಿದ್ದಳು.

ಜೂನ್‌ನಲ್ಲಿ ಎಲೆ ಎಲ್ಲ ಉದುರಿ ಬರೀ ಕಡ್ಡಿ ಉಳಿದಿದೆ. ಸತ್ತು ಹೋಯ್ತಾ?

ಬಹುಶಃ ಇಲ್ಲ. ನಿದ್ದೆ ಮಾಡುತ್ತಿದೆ. ಬಿಳಿ ಎಲೆಯಿಂದಲೂ ತಾಳೋಕೆ ಆಗದಿದ್ದರೆ ಎಲೆಯನ್ನೇ ಬಿಟ್ಟುಬಿಡುತ್ತದೆ. ಉಗುರಿನಿಂದ ಬುಡದ ಹತ್ತಿರ ತೊಗಟೆ ಸ್ವಲ್ಪ ಕೆರೆದು ನೋಡಿ, ಹಸಿರಿದ್ದರೆ ಜೀವ ಇದೆ. 2023ರಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತ್ತಲ್ಲ, ಆಗ ನಮ್ಮ ಹಿತ್ತಲಿನದು ಪೂರ್ತಿ ಪೊರಕೆ ಕಡ್ಡಿ ಆಗಿತ್ತು. ಕಿತ್ತು ಹಾಕೋಣ ಅಂತ ಗುದ್ದಲಿ ತಂದೆ, ಸೆಕೆಗೆ ಬೇಜಾರಾಗಿ ಒಳಗೆ ಹೋದೆ. ನನ್ನ ಸೋಮಾರಿತನವೇ ಅದನ್ನು ಉಳಿಸಿದ್ದು. ನವೆಂಬರ್ ಹೊತ್ತಿಗೆ ಗೆಣ್ಣು ಗೆಣ್ಣಿಗೂ ಹಸಿರು ಚಿಗುರು.

ನೀರು ಎಷ್ಟು ಹಾಕಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಅದಕ್ಕಿಂತಲೂ ಕಡಿಮೆ.

ನೆಟ್ಟ ಮೊದಲ ವರ್ಷ ಮಾತ್ರ ಬೇರು ಊರುವ ತನಕ ವಾರಕ್ಕೊಮ್ಮೆ ಆಳಕ್ಕೆ ಇಳಿಯುವ ಹಾಗೆ ಕೊಡಿ. ಆಮೇಲೆ ಬೇಸಿಗೆಯಲ್ಲಿ ತಿಂಗಳಿಗೆ ಒಂದೋ ಎರಡೋ ಸಲ ಸಾಕು, ಅದೂ ಎಲೆ ಉಳಿಯಲಿ ಅಂತ ನಿಮಗೆ ಆಸೆ ಇದ್ದರೆ. ಫೀನಿಕ್ಸಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿಲಿಮೀಟರ್. ನಾವು ಬರಗಾಲದ ಸೀಮೆ ಅನ್ನುವ ಚಳ್ಳಕೆರೆಯಲ್ಲೂ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ. ಅಷ್ಟರಲ್ಲೇ ಗುಡ್ಡದ ಮೇಲೆ ಯಾರೂ ನೋಡದೆ ಬೆಳೆಯುವ ಗಿಡ ಇದು.

ನಾನು ಕಲಿತದ್ದು ಪೆಟ್ಟು ತಿಂದೇ. ಮೊದಲ ಎರಡು ಗಿಡಗಳನ್ನು ದಾಸವಾಳದ ಡ್ರಿಪ್ ಲೈನಿಗೇ ಸೇರಿಸಿದ್ದೆ. ದಿನಾ ಬೆಳಗ್ಗೆ 5ಕ್ಕೆ ಟೈಮರ್. ಒಂದು ತಿಂಗಳು ಏನು ಬೆಳೆದವು ಅಂತೀರಿ, ಉದ್ದುದ್ದ, ಸೊಪ್ಪು ಸೊಪ್ಪು. ಜುಲೈನಲ್ಲಿ ಒಂದು ದಿನ ನಡುವೆ ಸೀಳಿಕೊಂಡು ನಾಲ್ಕೂ ಕಡೆ ಬಿದ್ದಿತ್ತು ಒಂದು. ಇನ್ನೊಂದರ ಬುಡ ಮುಟ್ಟಿದರೆ ಮೆತ್ತಗೆ, ಕೊಳೆತ ಮೂಲಂಗಿಯ ವಾಸನೆ. ಎಲೆ ಬಾಡಿದ್ದು ನೋಡಿ ನೀರು ಸಾಲದು ಅಂತ ಇನ್ನೂ ಅರ್ಧ ಗಂಟೆ ಏರಿಸಿದ್ದೆ ನಾನು, ಮಹಾನುಭಾವ! ಆ ಜಾಗದ ಮಣ್ಣು ಜೇಡಿ, ನೀರು ಇಳಿಯುತ್ತಲೇ ಇರಲಿಲ್ಲ. ಈಗಿನದನ್ನು ಜಲ್ಲಿ ಮತ್ತು ಮರಳು ಬೆರೆಸಿ ಸ್ವಲ್ಪ ದಿಬ್ಬ ಮಾಡಿ ನೆಟ್ಟಿದ್ದೇನೆ, ಇಡೀ ದಿನ ಬಿಸಿಲು ಬೀಳುವ ಕಡೆ. ಗೊಬ್ಬರ? ಹಾಕಲೇಬೇಡಿ.

ಹೂ ಯಾವಾಗ? ನೋಡೋಕೆ ಎಲ್ಲಿಗೆ ಹೋಗಬೇಕು?

ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ, ಮಾರ್ಚ್ ಮಧ್ಯ ಜೋರು. ಚಳಿಗಾಲದಲ್ಲಿ ಮಳೆ ಚೆನ್ನಾಗಿ ಬಿದ್ದಿದ್ದರೆ ಮಾತ್ರ ಗುಡ್ಡಕ್ಕೆ ಗುಡ್ಡವೇ ಹಳದಿ. ಮಳೆ ಕೈಕೊಟ್ಟ ವರ್ಷ ಅಲ್ಲೊಂದು ಇಲ್ಲೊಂದು, ನೆಂಟರನ್ನು ಕರೆದುಕೊಂಡು ಹೋದರೆ ಮುಖ ತೋರಿಸೋಕೆ ಆಗಲ್ಲ.

ಫೀನಿಕ್ಸ್‌ನವರಿಗೆ ಸೌತ್ ಮೌಂಟನ್ ಪಾರ್ಕ್ ಹತ್ತಿರ. ಟೂಸಾನ್ ಕಡೆ ಹೋಗುವಾಗ ದಾರಿಯಲ್ಲೇ ಪಿಕಾಚೊ ಪೀಕ್, ಮುಂದೆ ಸಗ್ವಾರೊ ನ್ಯಾಷನಲ್ ಪಾರ್ಕ್. ಕ್ಯಾಲಿಫೋರ್ನಿಯಾದವರು ಆನ್ಜಾ-ಬೊರೆಗೊಗೆ ಹೋಗಿ. ಗುಡ್ಡದ ದಕ್ಷಿಣದ ಮಗ್ಗುಲು ನೋಡಿ, ಅಲ್ಲೇ ಜಾಸ್ತಿ ಇರುತ್ತದೆ. ಗಿಡಕ್ಕೆ ಹಿಮ ಆಗಿಬರಲ್ಲ, ಬಿಸಿಲಿಗೆ ಮುಖ ಮಾಡಿದ ಕಲ್ಲು ರಾತ್ರಿ ಬೆಚ್ಚಗಿರುತ್ತದೆ. ಬೆಳಗ್ಗೆ 8ರ ಒಳಗೆ ಹೋದರೆ ಬಿಸಿಲು ಓರೆಯಾಗಿ ಬಿದ್ದು ಎಲೆಗಳು ಬೆಳ್ಳಿ ತಗಡಿನ ಹಾಗೆ ಕಾಣುತ್ತವೆ. ಊರಲ್ಲಿ ಹುಚ್ಚೆಳ್ಳು ಹೊಲ ಹೂ ಬಿಟ್ಟದ್ದು ನೋಡಿದವರಿಗೆ ಆ ಹಳದಿ ಗೊತ್ತು, ಉತ್ತರ ಕರ್ನಾಟಕದವರು ಗುರೆಳ್ಳು ಅಂದುಕೊಳ್ಳಿ. ಅದೇ ಹಳದಿಯನ್ನು ಕಲ್ಲಿನ ಮೇಲೆ ಎರಚಿದರೆ ಹೇಗೆ, ಹಾಗೆ.

ನ್ಯಾಷನಲ್ ಪಾರ್ಕಿನಲ್ಲಿ ಹೂ ಕೀಳೋ ಹಾಗಿಲ್ಲ. ಮುಡಿಯೋಕೆ ಒಂದೇ ಒಂದು ಅಂತಲೂ ಇಲ್ಲ.

ಇದರ ಅಂಟಿನಿಂದ ಧೂಪ ಹಾಕ್ತಾರಂತೆ, ನಿಜವಾ?

ನಿಜ. ಕೊಂಬೆ ಗೀರಿದರೆ ಬಂಗಾರದ ಬಣ್ಣದ ಅಂಟು ಹನಿ ಕಟ್ಟುತ್ತದೆ. ಎರಡು ಮೂರು ದಿನಕ್ಕೆ ಗಟ್ಟಿಯಾಗಿ ಕಲ್ಲುಸಕ್ಕರೆ ಚೂರಿನ ಹಾಗೆ ಆಗುತ್ತದೆ. ಯೂಸೆಬಿಯೊ ಕಿನೊ ಅನ್ನುವ ಜೆಸೂಟ್ ಪಾದ್ರಿ 1687ರಲ್ಲಿ ಈ ಸೀಮೆಗೆ ಬಂದು ಒಂದಾದ ಮೇಲೊಂದು ಚರ್ಚು ಕಟ್ಟಿಸಿದ. ಈ ಮಿಷನ್ನುಗಳ ಚರ್ಚುಗಳಲ್ಲಿ ಧೂಪಕ್ಕೆ ಉರಿಸುತ್ತಿದ್ದದ್ದು ಇದೇ ಅಂಟು. ಇನ್ಸಿಯೆನ್ಸೊ ಅನ್ನುವ ಹೆಸರು ಹಾಗೆ ಉಳಿಯಿತು.

ಪಾದ್ರಿಗಳು ಬರೋ ಮೊದಲೇ ಇಲ್ಲಿನ ಮೂಲ ಜನಕ್ಕೆ ಇದು ದಿನಬಳಕೆಯ ವಸ್ತು. ಸೊನೊರಾ ತೀರದ ಸೇರಿ ಜನ ಅಂಟಿನಲ್ಲೇ ಎರಡು ಬಗೆ ಮಾಡುತ್ತಿದ್ದರು. ಕೊಂಬೆಯ ಅಂಟು ಮಡಕೆಗಳಿಗೆ ಬಳಿದು ಸೋರದ ಹಾಗೆ ಮಾಡೋಕೆ. ಬುಡದ ಅಂಟನ್ನು ಬಿಸಿ ಮಾಡಿ ಈಟಿಯ ಮೊನೆ ಕೂರಿಸೋಕೆ. ಕವಿಯಾ ಜನ ಹಲ್ಲುನೋವಿಗೆ ಬಳಸುತ್ತಿದ್ದರು. ದನ ಕಾಯುವ ಕೌಬಾಯ್‌ಗಳು ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರಂತೆ, ಬೇವಿನ ಕಡ್ಡಿ ಅಗಿದು ಬೆಳೆದ ನಮಗೆ ಅದರಲ್ಲೇನೂ ಆಶ್ಚರ್ಯ ಇಲ್ಲ ಬಿಡಿ.

ಒಂದು ಸಲ ನಮ್ಮ ಹಿತ್ತಲಿನ ಗಿಡದಿಂದ ಬಟಾಣಿ ಗಾತ್ರದ ಎರಡು ಚೂರು ಕೂಡಿಸಿ, ಕೆಂಡದ ಮೇಲೆ ಹಾಕಿ ನೋಡಿದೆ. ಲೋಬಾನದ ಘಮ ಅಲ್ಲ. ಊದುಬತ್ತಿಗೆ ಹಾಕುವ ಹಾಲುಮಡ್ಡಿಯ ಸಿಹಿಯೂ ಇಲ್ಲ. ಸ್ವಲ್ಪ ಒಗರು, ಸ್ವಲ್ಪ ನಿಂಬೆ ಸಿಪ್ಪೆ, ಕೊನೆಯಲ್ಲಿ ಒಣಹುಲ್ಲು. ಹೊಗೆ ಜಾಸ್ತಿ. ಹೊಗೆ ಅಲಾರಂ ಕೂಗಿಕೊಂಡಿತು, ಅಲ್ಲಿಗೆ ಪ್ರಯೋಗ ಮುಗಿಯಿತು.

ಗಿಡದ ಕೆಳಗೆ ಬೇರೇನೂ ಬೆಳೆಯಲ್ಲ, ವಿಷ ಬಿಡುತ್ತಂತೆ?

ಅರ್ಧ ಸತ್ಯ. 1948ರಲ್ಲಿ ಗ್ರೇ ಮತ್ತು ಬಾನರ್ ಅನ್ನುವ ಇಬ್ಬರು ಇದರ ಎಲೆಯಿಂದ ಒಂದು ರಾಸಾಯನಿಕ ಬೇರೆ ಮಾಡಿದರು. ಅದು ಟೊಮ್ಯಾಟೊ ಸಸಿಗಳ ಬೆಳವಣಿಗೆ ತಡೆಯಿತು. ಉದುರಿದ ಎಲೆಯಿಂದ ವಿಷ ನೆಲಕ್ಕಿಳಿದು ಪಕ್ಕದವರನ್ನು ಕೊಲ್ಲುತ್ತದೆ ಅನ್ನುವ ಕಥೆ ಹುಟ್ಟಿದ್ದು ಅಲ್ಲಿಂದ. ಕಥೆ ಚೆನ್ನಾಗಿದೆ, ಹಾಗಾಗಿ ಇವತ್ತಿಗೂ ಓಡುತ್ತಿದೆ. ಆದರೆ ಕುಂಡದಲ್ಲಿ ಆದದ್ದೆಲ್ಲ ಗುಡ್ಡದಲ್ಲಿ ಆಗಬೇಕಲ್ಲ. ಕೆಲವೇ ವರ್ಷದಲ್ಲಿ ಮುಲ್ಲರ್ ಅನ್ನುವವರು ಮರುಭೂಮಿಯಲ್ಲೇ ಕೂತು ನೋಡಿ ಬೇರೆ ಮಾತು ಹೇಳಿದರು. ಬೇರೆ ಕೆಲವು ಪೊದೆಗಳ ಬುಡದಲ್ಲಿ ಗಾಳಿಗೆ ಹಾರಿ ಬಂದ ಕಸಕಡ್ಡಿ ಸಿಕ್ಕಿಕೊಂಡು ಗೊಬ್ಬರ ಆಗುತ್ತದೆ, ಅಲ್ಲಿ ಹುಲ್ಲು ಗಿಡ ಹುಟ್ಟುತ್ತವೆ. ಬ್ರಿಟಲ್‌ಬುಷ್‌ನ ಬುಡ ಬೋಳು, ಕಸ ನಿಲ್ಲುವುದಿಲ್ಲ, ಅದಕ್ಕೇ ಏನೂ ಹುಟ್ಟಲ್ಲ ಅಂತ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ನಮ್ಮ ಗಿಡದ ಬುಡದಲ್ಲಿ ಪಕ್ಕದ ಮನೆಯ ಬೇಲಿಯಿಂದ ಕಸ ಬಂದು ಬೀಳುತ್ತದೆ, ಅಲ್ಲಿ ಕಳೆ ಧಾರಾಳವಾಗಿ ಬೆಳೆಯುತ್ತಿದೆ.

ಮುಟ್ಟಿದರೆ ತುರಿಕೆ ಆಗುತ್ತಾ?

ಹೆಚ್ಚಿನವರಿಗೆ ಏನೂ ಆಗಲ್ಲ. ಆದರೆ ಊರಲ್ಲಿ ಪಾರ್ಥೇನಿಯಂ ಮುಟ್ಟಿ ಮೈಯೆಲ್ಲ ಕಜ್ಜಿ ಬಂದ ಅನುಭವ ಇದ್ದವರು ಕೈಗವಸು ಹಾಕಿಕೊಳ್ಳಿ. ಎರಡೂ ಒಂದೇ ಕುಟುಂಬ, ಒಂದಕ್ಕೆ ಮುನಿದ ಚರ್ಮ ಇನ್ನೊಂದಕ್ಕೂ ಮುನಿಯಬಹುದು.

ಹೌದಾ? ಕಾಂಗ್ರೆಸ್ ಗಿಡಕ್ಕೂ ಇದಕ್ಕೂ ನೆಂಟಸ್ತಿಕೆನಾ?

ಹೂಂ, ದೂರದ ನೆಂಟರು. ಕಾಂಗ್ರೆಸ್ ಗಿಡದ ಮೂಲವೂ ಮೆಕ್ಸಿಕೋ ಕಡೆಯೇ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮೇಲಿನದು ನಮ್ಮ ಹೊಲ, ರಸ್ತೆ ಬದಿ, ಖಾಲಿ ಸೈಟುಗಳಿಗೆಲ್ಲ ಗೊತ್ತು. ಇವರ ಕಡೆಯಿಂದ ನಮಗೆ ಅದು ಬಂತಾ, ನಮ್ಮ ಕಡೆಯೂ ಬೆಳೆಯುವ ಹುಲ್ಲೊಂದು ಇವರಿಗೆ ಗಂಟು ಬಿದ್ದಿದೆ. ಆಫ್ರಿಕಾ ಮತ್ತು ಭಾರತದ ಒಣನಾಡಿನ ಅಂಜನ್ ಹುಲ್ಲು, ದನಕ್ಕೆ ಒಳ್ಳೆ ಮೇವು. ಅದನ್ನೇ ಇಲ್ಲಿ ಬಫೆಲ್ ಗ್ರಾಸ್ ಅನ್ನುತ್ತಾರೆ. 1930ರ ದಶಕದಲ್ಲಿ ಮೇವಿಗೆ, ಮಣ್ಣು ಕೊಚ್ಚಿ ಹೋಗದಿರಲಿ ಅಂತ ಅರಿಜೋನಾಗೆ ಆಫ್ರಿಕಾದ ಬೀಜ ತಂದರು. ಈಗ ಅದು ಗುಡ್ಡಗಳಲ್ಲಿ ಬ್ರಿಟಲ್‌ಬುಷ್‌ನ ಜಾಗ ನುಂಗುತ್ತಿದೆ. ಒಣಗಿದರೆ ಬೆಂಕಿ ಬೇರೆ, ಈ ಮರುಭೂಮಿಯ ಗಿಡಗಳಿಗೆ ಬೆಂಕಿಯ ಅಭ್ಯಾಸವೇ ಇಲ್ಲ. ಟೂಸಾನ್‌ನಲ್ಲಿ ಜನ ಗುಂಪು ಕಟ್ಟಿಕೊಂಡು ಗುದ್ದಲಿ ಹಿಡಿದು ಗುಡ್ಡ ಹತ್ತುತ್ತಾರೆ, ಆ ಹುಲ್ಲು ಕೀಳೋಕೆ.

ಬೀಜ ಕಟ್ಟುತ್ತಲೇ ಇಲ್ಲ, ಏನು ಕಾರಣ?

ಒಂದೇ ಗಿಡ ಇಟ್ಟಿದ್ದೀರಾ? ಇದು ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಜೇನ್ನೊಣ ಓಡಾಡುವ ದೂರದಲ್ಲಿ ಇನ್ನೊಂದು ಇರಲಿ. ಹೊರಗಿನ ಸುತ್ತಿನ ಹಳದಿ ಎಸಳುಗಳಿಂದ ಬೀಜ ಬರಲ್ಲ, ಅವು ಬರೀ ಬೋರ್ಡು. ನಡುವಿನ ಗುಂಡಿಯಲ್ಲಿರುವ ಪುಟ್ಟ ಪುಟ್ಟ ಹೂಗಳೇ ಬೀಜ ಕಟ್ಟೋದು, ಸೂರ್ಯಕಾಂತಿಯಲ್ಲಿ ಇರುವ ಹಾಗೇ. ಬೀಜ ಬಲಿತ ಮೇಲೆ ಪುಟಾಣಿ ಗೋಲ್ಡ್‌ಫಿಂಚ್ ಹಕ್ಕಿಗಳು ಕಡ್ಡಿಯ ಮೇಲೆ ತಲೆಕೆಳಗಾಗಿ ಜೋತುಬಿದ್ದು ತಿನ್ನುತ್ತವೆ. ಅದನ್ನು ನೋಡೋಕಾದರೂ ಒಣ ಹೂಗಳನ್ನು ಸ್ವಲ್ಪ ದಿನ ಬಿಡಿ.

ಹೂವನ್ನೆಲ್ಲ ಏನೋ ತಿಂದು ಹಾಕ್ತಿದೆ!

ಕೆಂಪು ತಲೆ, ಕಪ್ಪು ಮೈ, ಬೆರಳ ಗೆಣ್ಣಿನಷ್ಟು ಉದ್ದದ ಜೀರುಂಡೆ ಹಿಂಡು ಹಿಂಡಾಗಿ ಕೂತಿದ್ದರೆ ಅದು ಬ್ಲಿಸ್ಟರ್ ಬೀಟಲ್. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಬೊಕ್ಕೆ ಏಳುತ್ತದೆ. ಮಕ್ಕಳಿಗೂ ಹೇಳಿ. ಕೆಲವು ದಿನ ಇದ್ದು ತಾವೇ ಹೋಗುತ್ತವೆ. ಗುಡ್ಡದ ಕಡೆ ಮನೆ ಇದ್ದವರಿಗೆ ಚಕ್‌ವಾಲಾ ಅನ್ನುವ ದಪ್ಪ ಹಲ್ಲಿಯೂ ಬರಬಹುದು, ನಮ್ಮ ಓತಿಕ್ಯಾತದ ದೊಡ್ಡಣ್ಣ. ಅದಕ್ಕೆ ಈ ಹೂ ಅಂದರೆ ಹಬ್ಬದೂಟ. ಔಷಧಿ ಹೊಡೆಯುವ ಮಾತೇ ಬೇಡ.

ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಅವರು ಕತ್ತರಿಸಿ ಅಂತ ಪತ್ರ ಕಳಿಸಿದ್ದಾರೆ. ಯಾವಾಗ, ಎಷ್ಟು?

ಹೂವೆಲ್ಲ ಮುಗಿದು ಬೀಜ ಉದುರಿದ ಮೇಲೆ, ಮೇ ಹೊತ್ತಿಗೆ ಒಣ ಹೂಕಡ್ಡಿಗಳನ್ನು ಎಲೆಯ ಮಟ್ಟಕ್ಕೆ ಕತ್ತರಿಸಿ. ಸಾಮಾನ್ಯವಾಗಿ ಅಷ್ಟಕ್ಕೇ ಪತ್ರ ಬರೋದು ನಿಲ್ಲುತ್ತದೆ. ಗಿಡ ಜೋತುಬಿದ್ದಿದ್ದರೆ ಅಕ್ಟೋಬರ್‌ನಲ್ಲಿ ಮೂರನೇ ಒಂದು ಭಾಗ ಇಳಿಸಿ. ಮೆಷಿನ್ ಹಿಡಿದು ಚೆಂಡಿನ ಹಾಗೆ ಬೋಳಿಸುವವರ ಕೈಗೆ ಮಾತ್ರ ಕೊಡಬೇಡಿ. ನಾವು ಊರಿಗೆ ಹೋಗಿದ್ದಾಗ ಅಂಗಳ ನೋಡಿಕೊಳ್ಳಲು ಬಂದವರು ಜನವರಿಯಲ್ಲೇ, ಮೊಗ್ಗು ಬರೋ ಹೊತ್ತಿಗೆ ಸರಿಯಾಗಿ, ಗುಂಡಗೆ ತಲೆ ಬೋಳಿಸಿ ಹೋಗಿದ್ದರು. ಆ ವರ್ಷ ಒಂದೇ ಒಂದು ಹೂವಿಲ್ಲ. ದುಡ್ಡು ಮಾತ್ರ ಪೂರ್ತಿ ತಗೊಂಡರು.

ಹಿಮ ಬಿದ್ದರೆ?

ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೋದರೆ ತುದಿಗಳು ಸುಡುತ್ತವೆ. ಹಳೇ ಬೆಡ್‌ಶೀಟ್ ಹೊದಿಸಿ. ಬೆಟ್ಟದ ಮೇಲಿನ ಚಳಿ ಊರು ಫ್ಲ್ಯಾಗ್‌ಸ್ಟಾಫ್‌ನಲ್ಲಿ ಇದ್ದೀರಾ? ಬೇರೆ ಗಿಡ ನೋಡಿ.

ಬೀಜ ತಗೊಂಡು ಹೋಗಿ ಬೆಂಗಳೂರಲ್ಲಿ ಹಾಕಬಹುದಾ?

ಈ ಪ್ರಶ್ನೆ ವರ್ಷಕ್ಕೆ ಹತ್ತು ಸಲ ಬರುತ್ತದೆ. ಮೊದಲು ಕಾನೂನು: ಭಾರತಕ್ಕೆ ಬೀಜ, ಗಿಡ ತರೋಕೆ 2003ರ ಪ್ಲಾಂಟ್ ಕ್ವಾರಂಟೈನ್ ಆರ್ಡರ್ ಇದೆ, ಪರ್ಮಿಟ್ಟು ಸರ್ಟಿಫಿಕೇಟು ಬೇಕು, ಸೂಟ್‌ಕೇಸಿನ ಮೂಲೆಯಲ್ಲಿ ಪೊಟ್ಟಣ ಕಟ್ಟಿಕೊಂಡು ಹೋಗೋ ಹಾಗಿಲ್ಲ. ಎರಡನೆಯದು, ಕಾಂಗ್ರೆಸ್ ಗಿಡದ ಕಥೆ ಮೇಲೆ ಓದಿದಿರಲ್ಲ. ಮೂರನೆಯದು, ಜೂನ್‌ನಿಂದ ಅಕ್ಟೋಬರ್ ತನಕ ಜಿಟಿಜಿಟಿ ಮಳೆ ಸುರಿದರೆ ನಮ್ಮ ಡ್ರಿಪ್ ಲೈನಿನ ಗಿಡಕ್ಕೆ ಆದದ್ದೇ ಅದಕ್ಕೂ ಆಗೋದು.

ಹಳದಿ ಹೂವಿನ, ನೀರು ಬೇಡದ ಪೊದೆ ಬೇಕಾ? ತಂಗಡಿ ಹಾಕಿ, ಆವರಿಕೆ ಅಂತಾರಲ್ಲ ಅದೇ. ಚಿತ್ರದುರ್ಗ, ಬಳ್ಳಾರಿ ಕಡೆ ರಸ್ತೆ ಬದಿಯಲ್ಲಿ ಯಾರೂ ಕೇಳದೆ ನಿಂತಿರುತ್ತದೆ, ಬಣ್ಣದಲ್ಲಿ ಇದಕ್ಕೇನೂ ಕಮ್ಮಿ ಇಲ್ಲ. ಅರಿಜೋನಾದ ಗಿಡ ಬೇಕು ಅಂತ ನನ್ನ ತಲೆ ತಿಂದ ಒಬ್ಬ ಗೆಳೆಯನಿಗೆ ಇದನ್ನೇ ಹೇಳಿದ್ದೆ. ಅವನ ತೋಟದ ಬೇಲಿಯಲ್ಲೇ ತಂಗಡಿ ಇತ್ತು, ಹೋದ ವರ್ಷ ಕಡಿಸಿದ್ದನಂತೆ.

ಕತ್ತರಿಗೆಲ್ಲ ಅಂಟು ಮೆತ್ತಿದೆ, ಸೋಪಿಗೆ ಹೋಗ್ತಿಲ್ಲ.

ಹಲಸಿನ ಹಣ್ಣು ಬಿಡಿಸುವಾಗ ಏನು ಮಾಡ್ತೀರಿ? ಅದೇ. ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಹಳೇ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಮುಂದಿನ ಸಲ ಕತ್ತರಿಸೋ ಮೊದಲೇ ಕೈಗೂ ಕತ್ತರಿಗೂ ಎಣ್ಣೆ ಸವರಿಕೊಳ್ಳಿ.